ಹನಿಯಂತ್ರ ಮತ್ತು ಯಾತ್ರಿಕರ ಕೋಣೆ

ಹೊಳೆಯ ದಡದಲ್ಲಿ ಚಿದಂಬರಯ್ಯನವರ ಆಶ್ರಮ. ಬೆಳಗ್ಗೆ ಪೂಜೆ, ಮಧ್ಯಾಹ್ನ ಸಿ ಪ್ರೋಗ್ರಾಮಿಂಗ್ ಪಾಠ. ಎರಡಕ್ಕೂ ಮಡಿ ಬೇಕು ಅನ್ನುವುದು ಅವರ ಹಟ.

ಶಿಷ್ಯ ಇಂದುಧರ ಊರಿನ ಆಸ್ಪತ್ರೆಗೆಂದು ಒಂದು ಪುಟ್ಟ ಯಂತ್ರ ಮಾಡಿದ್ದ. ಮಗುವಿನ ತೂಕಕ್ಕೆ ತಕ್ಕಷ್ಟು ಔಷಧಿಯನ್ನು ಹನಿಹನಿಯಾಗಿ ಇಳಿಸುವ ಯಂತ್ರ. ಆಶ್ರಮದಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಅದು ತಪ್ಪಿರಲಿಲ್ಲ.

ಆಸ್ಪತ್ರೆಯಲ್ಲಿ ಮಾನ ಹೋಯಿತು. ಪುಣ್ಯಕ್ಕೆ ಬರೀ ಉಪ್ಪುನೀರು ತುಂಬಿ, ಮಕ್ಕಳ ಬದಲು ಬಟ್ಟಲು ಇಟ್ಟು ನೋಡಿದ್ದರು. ದೊಡ್ಡ ಮಗುವಿನ ಲೆಕ್ಕ ಮುಗಿದ ಮೇಲೆ ನರ್ಸ್ ಫಿಲೋಮಿನಮ್ಮ ಹಸುಗೂಸಿನ ಲೆಕ್ಕ ಶುರು ಮಾಡಿದರು. ಯಂತ್ರ ಏನು ಮಾಡುತ್ತದೋ ನೋಡಲು, ಕೂಸಿನ ತೂಕವನ್ನು ಗುಂಡಿಯಲ್ಲಿ ಒತ್ತುವುದನ್ನು ಬೇಕೆಂದೇ ಬಿಟ್ಟರು. ಯಂತ್ರ ಹಸುಗೂಸಿಗೂ ದೊಡ್ಡ ಮಗುವಿನಷ್ಟೇ ಇಳಿಸಿಬಿಟ್ಟಿತು.

"ಇದನ್ನ ಮಕ್ಕಳ ಹತ್ರ ಬಿಡಲ್ಲ. ತಗೊಂಡು ಹೋಗಪ್ಪ," ಎಂದರು ಆಕೆ.

ಇಂದುಧರ ಗುರುಗಳ ಮುಂದೆ ಯಂತ್ರ ಇಟ್ಟು ಅತ್ತೇಬಿಟ್ಟ.

"ಒಂದು ಕೂಸನ್ನ ಕೊಲ್ತಿದ್ದೆ, ಗುರುಗಳೇ. ಇನ್ನು ಈ ವಿದ್ಯೆ ನನಗೆ ಬೇಡ."

ಗುರುಗಳು ಅವನಿಗೆ ಮಜ್ಜಿಗೆ ಕುಡಿಸಿದರು. ಆಮೇಲೆ ಕೇಳಿದರು, "ದೊಡ್ಡ ಮಗುವಿನ ತೂಕ ಎಲ್ಲಿತ್ತು?"

"ಆ ಮಗುವಿಗೆ ಅಂತ ಮೆಮೊರಿಯಲ್ಲಿ ಜಾಗ ಕೇಳಿ ಪಡೆದಿದ್ದೆ. ಕೆಲಸ ಮುಗಿದ ಮೇಲೆ ವಾಪಸ್ ಕೊಟ್ಟೆ. ಅದೇ ಜಾಗ ಕೂಸಿಗೆ ಸಿಕ್ತು. ವಾಪಸ್ ಕೊಟ್ಟ ಮೇಲೆ ಖಾಲಿ ಇರಬೇಕಲ್ವಾ?"

ಗುರುಗಳು ಅವನ ಕೈಗೆ ಒಂದು ಬೀಗದ ಕೈ ಕೊಟ್ಟರು.

"ದಣಿದಿದೀಯ. ಯಾತ್ರಿಕರ ಕೋಣೆಯಲ್ಲಿ ಮಲಗು. ಇದ್ದವರು ಹೋದರು."

ಹೋದಷ್ಟೇ ಬೇಗ ಅವನು ಮೂಗು ಮುಚ್ಚಿಕೊಂಡು ವಾಪಸ್ ಬಂದ.

"ಹಾಸಿಗೆ ತುಂಬ ಅವಲಕ್ಕಿ, ದಿಂಬಿಗೆಲ್ಲ ಹರಳೆಣ್ಣೆ!"

"ಅಯ್ಯೋ, ಬೀಗದ ಕೈ ವಾಪಸ್ ಕೊಟ್ಟೇ ಹೋದರಲ್ಲಪ್ಪ."

ಇಂದುಧರ ಕೈಯಲ್ಲಿದ್ದ ಬೀಗದ ಕೈಯನ್ನೂ ಯಂತ್ರವನ್ನೂ ನೋಡಿದ.

"ಇಲ್ಲಿ ಪರೀಕ್ಷಿಸುವಾಗ ಪ್ರತಿ ಸಲ ಯಂತ್ರ ಆಫ್ ಮಾಡಿ ಹೊಸದಾಗಿ ಶುರು ಮಾಡ್ತಿದ್ದೆ," ಎಂದ ಮೆಲ್ಲಗೆ. "ಯಾರೂ ಇಳಿಯದ ಕೋಣೆಯೇ ಸಿಗ್ತಿತ್ತು."

ಗುರುಗಳು ಅವನ ಬೆನ್ನು ಸವರಿದರು. ಅವನು ಮತ್ತೆ ಕೆಲಸಕ್ಕೆ ಕೂತ. ಸಂಜೆಗೆ ನಗುನಗುತ್ತಾ ಬಂದ.

"ಜಾಗ ಸಿಕ್ಕ ತಕ್ಷಣ ಮೂಲೆ ಮೂಲೆಗೂ ಸೊನ್ನೆ ತುಂಬ್ತೀನಿ, ಗುರುಗಳೇ. ಹಿಂದಿನವರ ಗುರುತೇ ಉಳಿಯಲ್ಲ. ಶೂನ್ಯವೇ ಶುದ್ಧ ಅಂತ ನೀವೇ ಹೇಳ್ತೀರಲ್ಲ!"

"ನಾನು ಏನೇನೋ ಹೇಳ್ತಿರ್ತೀನಿ. ಫಿಲೋಮಿನಮ್ಮ ಮಾಡಿದ ಹಾಗೇ ಮಾಡು, ನೋಡೋಣ."

ದೊಡ್ಡ ಮಗುವಿನ ಲೆಕ್ಕ ಮುಗಿಯಿತು. ತೂಕ ಒತ್ತದೆ ಹಸುಗೂಸಿನದು ಶುರು ಮಾಡಿದ. ಹಸಿರು ದೀಪ ಹೊತ್ತಿತು. ಹನಿ ಬೀಳಲಿಲ್ಲ.

"ದೀಪ ಎಲ್ಲ ಸರಿ ಅಂತಿದೆ. ಕೂಸಿಗೆ ಔಷಧಿ ಎಲ್ಲಿ?"

ಇಂದುಧರನ ಮುಖ ಚಿಕ್ಕದಾಯಿತು. "ತೂಕ ಸೊನ್ನೆ ಇದೆ. ಅದಕ್ಕೇ ಔಷಧಿಯೂ ಸೊನ್ನೆ."

"ಗೊತ್ತಿಲ್ಲದಿದ್ರೆ ನಿಂತು ಕೇಳು ಅಂತ ಅದಕ್ಕೆ ಕಲಿಸಲಿಲ್ವಾ?"

"ಸೊನ್ನೆ ಅಂದ್ರೆ ಇನ್ನೂ ಗೊತ್ತಿಲ್ಲ ಅಂತಲೇ ಅಲ್ವಾ, ಗುರುಗಳೇ?"

ಚಿದಂಬರಯ್ಯನವರು ಯಂತ್ರವನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ ಅವನ ಮಡಿಲಿಗಿಟ್ಟರು.

"ಅದು ನಿನಗೆ ಗೊತ್ತು, ಯಂತ್ರಕ್ಕೆ ಸೊನ್ನೆಯೂ ಒಂದು ತೂಕವೇ. ಸೊನ್ನೆ ತೂಕದ ಕೂಸನ್ನ ಯಾವ ತಾಯಿ ಎತ್ಕೊಂಡು ಬರ್ತಾಳಪ್ಪ?"