ಓತಿಕ್ಯಾತನ ಕೊರಡು

ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಓತಿಕ್ಯಾತವೊಂದರ ಮೈಗೆ ಕೆಂಪು ನುಸಿ ಹತ್ತಿತ್ತು. ಒಡತಿ ಫಿಲೋಮಿನಾ ದಿನವೂ ಅದನ್ನು ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ಹಳೆಯ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ನುಸಿಗಳೆಲ್ಲ ಮುಳುಗಿ ಸಾಯುತ್ತಿದ್ದವು. ಮರುದಿನ ಓತಿಕ್ಯಾತ ಅಷ್ಟೇ ನುಸಿ ಹೊತ್ತುಕೊಂಡು ಮತ್ತೆ ಹಾಜರು.

ಹನ್ನೊಂದನೆಯ ದಿನ ಬೋಗುಣಿಗೆ ರೋಸಿಹೋಯಿತು. "ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ನನ್ನ ಪಾಡು. ಇಲ್ಲಿಂದ ಹೋಗಿ ಎಲ್ಲಿ ಮಲಗುತ್ತೀಯ?"

"ನನ್ನ ಕೊರಡಿನ ಪೊಟರೆಯಲ್ಲಿ."

"ನುಸಿ ಮೊಟ್ಟೆ ಇಟ್ಟಿರುವುದೂ ಅಲ್ಲೇ. ಮೊದಲು ಆ ಕೊರಡು ಬಿಡು."

"ಬೋಗುಣಿಯಮ್ಮ, ತೊಳೆಯುವುದು ನಿಮ್ಮ ಕೆಲಸ. ಮಲಗುವುದು ನನ್ನ ವಿಚಾರ. ಇನ್ನೂ ಸ್ವಲ್ಪ ಗಟ್ಟಿಯಾಗಿ ತೊಳೆಯಿರಿ."

ಅಂದು ಫಿಲೋಮಿನಾಳಿಗೂ ಅನುಮಾನ ಬಂದು, ಕೊರಡನ್ನು ಒಲೆಗೆ ಹಾಕಲೆಂದು ಎತ್ತಿಕೊಂಡಳು. ಓತಿಕ್ಯಾತ ಅವಳ ಬೆರಳನ್ನು ಕಚ್ಚಿ ಹಿಡಿಯಿತು. ಅವಳು ಕೊರಡನ್ನು ಇದ್ದಲ್ಲೇ ಇಡುವವರೆಗೂ ಬಿಡಲಿಲ್ಲ.

ಪೊಟರೆಯೊಳಗೆ ಮುದಿ ನುಸಿಯೊಂದು ಮರಿಗಳಿಗೆ ಬುದ್ಧಿ ಹೇಳುತ್ತಿದ್ದುದು ಪಕ್ಕದಲ್ಲಿದ್ದ ಬೋಗುಣಿಗೆ ಕೇಳಿಸಿತು: "ಇವನ ರಕ್ತವನ್ನು ಹದವಾಗಿ ಕುಡಿಯಿರಿ, ಮಕ್ಕಳೇ. ನಮ್ಮ ಮನೆಗೆ ಇಂಥ ಕಾವಲುಗಾರ ಇನ್ನೊಬ್ಬ ಸಿಗುವುದಿಲ್ಲ."