ಗುಡ್ಡದ ಮೇಲಿನ ದಾಸೋಹ

ಹೊಳೆದಂಡೆಯ ಆ ಮಠದಲ್ಲಿ ದಿಕ್ಕಿಲ್ಲದವರಿಗೆಲ್ಲ ಅನ್ನ, ಸೂರು ಎರಡೂ ಸಿಗುತ್ತಿದ್ದವು. ದಾಸೋಹದ ಹೊಣೆ ಶಿಷ್ಯ ಮುರುಗಯ್ಯನದು. ಬಂದವರು ಯಾರೂ ಹಸಿದು ಮಲಗಬಾರದು, ಅದೊಂದೇ ಅವನ ವ್ರತ.

ಈಚೆಗೆ ಮಳೆ ಯಾವ ಪಂಚಾಂಗದ ಮಾತನ್ನೂ ಕೇಳುತ್ತಿರಲಿಲ್ಲ. ಹಿಂದಿನ ವರ್ಷ ದೀಪಾವಳಿ ಕಳೆದ ಮೇಲೆ ಹೊಳೆ ಉಕ್ಕಿ ಮಠದ ಮೆಟ್ಟಿಲೇರಿತ್ತು. ಆವತ್ತಿನಿಂದ ಮುರುಗಯ್ಯ ಉಗ್ರಾಣದಲ್ಲಿ ಜೋಳ, ಹಗ್ಗ, ಕಂದೀಲು ಕೂಡಿಹಾಕಿದ್ದ.

"ಎಲ್ಲಾ ಸಜ್ಜಾಗೇತ್ರಿ, ಅಜ್ಜಾರ. ಹೊಳಿ ಬಂದ್ರ ಎಲ್ಲಾರೂ ಗುಡ್ಡ ಏರೂದು, ಅಲ್ಲೇ ದಾಸೋಹ ನಡಸೂದು," ಎಂದು ಗುರುಗಳ ಮುಂದೆ ಎದೆಯುಬ್ಬಿಸಿ ನಿಂತ.

"ಹೌದಾ? ಹಂಗಾರ ನಾಳಿ ಮಧ್ಯಾಹ್ನದ ಊಟ ಗುಡ್ಡದ ಮ್ಯಾಲೇ ಆಗಲಿ."

"ನಾಳೇನ? ಬಿಸಲು ಹೊಡ್ಯಾಕತ್ತೇತ್ರಿ! ಮಂದಿ ನಕ್ಕಾರು."

"ನಗಲಿ ಬಿಡು."

ಮರುದಿನ ನಸುಕಿಗೇ ಸಾಮಾನು ಹೊರಲು ಶುರು. ಹಿಂದಿನ ಗುರುಗಳ ಕಾಲದ ಕೊಪ್ಪರಿಗೆಯಲ್ಲಿ ಬೇಯಿಸದಿದ್ದರೆ ಅದು ದಾಸೋಹವೇ ಅಲ್ಲ ಎಂಬುದು ಆ ಮಠದ ಪದ್ಧತಿ. ಹಾಗಾಗಿ ಮುರುಗಯ್ಯ ಸಣ್ಣ ಪಾತ್ರೆಗಳನ್ನು ಬಿಟ್ಟು ಆ ಕೊಪ್ಪರಿಗೆಯನ್ನೇ ಹೊರಿಸಿದ. ಪಾಪ, ಅದು ದಾರಿಯ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹಿಂದೆ ಬಂದವರೆಲ್ಲ ನಿಂತಲ್ಲೇ ನಿಂತರು. ಬಿಡಿಸಿ ಮೇಲೊಯ್ಯುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಮೇಲೆ ಹೋಗಿ ನೋಡಿದರೆ ನೀರೇ ಇಲ್ಲ! ಕೊಡ ಹಿಡಿದು ಮತ್ತೆ ಇಳಿದರು.

ಎಲೆ ಹಾಕುವಾಗ ಹೊತ್ತು ಮುಳುಗುತ್ತಿತ್ತು. ಮಕ್ಕಳು ಅತ್ತು ಅತ್ತು ಸುಸ್ತಾಗಿದ್ದವು.

ಬಡಿಸುತ್ತ ಬಂದ ಮುರುಗಯ್ಯ ಯಾರೂ ಕೂರದ ಒಂದು ಎಲೆಯ ಮುಂದೆ ನಿಂತ. ಮಠದಲ್ಲೇ ಇದ್ದ ಕಣ್ಣು ಕಾಣದ ಮುದುಕಿ ನೀಲವ್ವ ಪಂಕ್ತಿಯಲ್ಲಿ ಇರಲಿಲ್ಲ.

ಸೌಟನ್ನು ಅಲ್ಲೇ ಬಿಟ್ಟ. ಎದ್ದೆನೋ ಬಿದ್ದೆನೋ ಎಂದು ಗುಡ್ಡ ಇಳಿದು ಓಡಿದ. ಮುದುಕಿ ಮಠದ ಕಟ್ಟೆಯ ಮೇಲೆ, ಬೆಳಗ್ಗೆ ಕೂತಲ್ಲೇ ಕೂತಿದ್ದಳು.

"ಮುರುಗಯ್ಯ ಏನಪಾ? ಕೈ ಹಿಡ್ಯಾಕ ಯಾರರ ಬರ್ತಾರಂತ ಕುಂತಿದ್ದೆ. ಎಲ್ಲಾರದೂ ಊಟ ಆತೇನು?"

ಅವನು ಅವಳ ಕಾಲ ಬಳಿ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

ಗುರುಗಳು ನಿಧಾನಕ್ಕೆ ಇಳಿದು ಬಂದರು. ಕೈಯಲ್ಲಿದ್ದ ನುಚ್ಚಿನ ಬಟ್ಟಲನ್ನು ನೀಲವ್ವನಿಗೆ ಕೊಟ್ಟು, ಪಕ್ಕದಲ್ಲಿ ಕೂತರು.

"ತಪ್ಪಾತ್ರಿ, ಅಜ್ಜಾರ. ದಿನಾ ನನ್ನ ಕೈಯಾರೆ ಬಡಸ್ತಿದ್ದೆ. ಇವತ್ತ ಈಕೀನ್ನ ಮರತಬಿಟ್ಟೆ. ಹೊಟ್ಟಿ ಉರೀತೈತ್ರಿ ನನಗ."

ಗುರುಗಳು ಹೊಳೆಯ ಕಡೆ ನೋಡಿದರು. ಅದು ತನ್ನ ಪಾಡಿಗೆ ಹರಿಯುತ್ತಿತ್ತು.

"ಅಳಬ್ಯಾಡ, ಮುರುಗಯ್ಯ. ಇವತ್ತ ಹೊಳಿ ಬಂದಿರಲಿಲ್ಲ."