ಒಂದೇ ತಂತಿ ಉಳಿದ ಗಿಟಾರು

ತುಂಗಭದ್ರೆಯ ದಂಡೆಯ ಆ ಪುಟ್ಟ ಆಶ್ರಮದಲ್ಲಿ ಹಾಡಿಲ್ಲದೆ ಬೆಳಗಾಗುತ್ತಿರಲಿಲ್ಲ. ಶಿಷ್ಯೆ ದಾನಮ್ಮ ತಂಬೂರಿ ಮೀಟಬೇಕು, ಗುರು ಕಾಡಯ್ಯಜ್ಜ ಹಾಡಬೇಕು. ಹಾಡು ಮುಗಿಯುವ ತನಕ ಮೀಟುವವರು ತುಟಿ ಬಿಚ್ಚುವಂತಿಲ್ಲ.

ಹೋದ ಬೇಸಿಗೆಯಿಂದ ಅಜ್ಜನ ಕಿವಿ ಮಂದವಾಯಿತು. ಹತ್ತಿರ ಕೂತು ಜೋರಾಗಿ ಹೇಳಿದರೆ ಮಾತು ತಿಳಿಯುತ್ತಿತ್ತು. ತಂಬೂರಿ ಮಾತ್ರ ಕೇಳುತ್ತಿರಲಿಲ್ಲ. ಹಾಡು ನಿಂತುಹೋಯಿತು.

“ಹಾಡ್ರಿ ಅಜ್ಜಾರ. ನಿಮ್ಮ ದನಿ ಇನ್ನೂ ಗಟ್ಟಿ ಐತಿ,” ಎಂದು ದಾನಮ್ಮ ಗೋಗರೆದಳು.

“ಶ್ರುತಿ ಕೇಳಲಾರದ ಹಾಡಿದ್ರ ಬರೇ ಒದರಾಟ ಆಕ್ಕೈತವ್ವಾ,” ಎಂದ ಅಜ್ಜ.

ಆದರೂ ಅವಳು ದಿನಾ ಮೀಟುತ್ತಿದ್ದಳು. ಅಜ್ಜ ಹೊಳೆಯ ಕಡೆ ಮುಖ ಮಾಡಿ ಸುಮ್ಮನೆ ಕೂತಿರುತ್ತಿದ್ದ.

ಹೀಗಿರುವಾಗ ಹುಬ್ಬಳ್ಳಿಯ ಮದುವೆಯೊಂದರಲ್ಲಿ ದಾನಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ವೇದಿಕೆಯ ಮೇಲೆ ಯಾರೋ ಉದ್ದನೆಯ ಗಿಟಾರು ಬಾರಿಸಿದರು. ನಾದ ಕಿವಿಗಿಂತ ಮೊದಲು ಬೆನ್ನಿಗೆ ಬಂತು. ಅವಳ ಮೈ ಜುಮ್ಮೆಂದಿತು.

“ಅದೇನ್ರಿ?” ಎಂದು ಪಕ್ಕದವರನ್ನು ಕೇಳಿದಳು.

“ಬೇಸ್ ಗಿಟಾರು.”

ಇಷ್ಟು ದಪ್ಪ ನಾದವಾದರೆ ಅಜ್ಜನ ಮಂದ ಕಿವಿಗೂ ಮುಟ್ಟೀತು ಎಂದು ಅವಳಿಗೆ ಅನ್ನಿಸಿತು.

ಮೀಟುವವರೇ ತಮ್ಮ ವಾದ್ಯ ಕಟ್ಟಿಕೊಳ್ಳುವುದು ಆಶ್ರಮದ ರೂಢಿ. ಅದಕ್ಕೇ ದಾನಮ್ಮ ಗಿಟಾರಿನ ಬಿಡಿಭಾಗಗಳ ಪೆಟ್ಟಿಗೆ ತರಿಸಿದಳು. ತಂಬೂರಿ ಕಟ್ಟಿದವಳಿಗೆ ಇದ್ಯಾವ ಲೆಕ್ಕ ಎಂದುಕೊಂಡಳು. ಪೆಟ್ಟಿಗೆ ಬಿಚ್ಚಿದ ಮೇಲೆ ಆ ಮಾತನ್ನು ನುಂಗಿಕೊಂಡಳು.

ಒಳಗೆ ಬಣ್ಣವಿಲ್ಲದ ಮರದ ಒಡಲು, ನೀಳ ಕತ್ತು, ತಂತಿ ಬಿಗಿಯುವ ಕಿವಿಯಂಥ ಬಿರಡೆಗಳು, ಸಿಕ್ಕುಸಿಕ್ಕಾದ ವೈರು, ಸುರುಳಿ ಸುತ್ತಿದ ನಾಲ್ಕು ತಂತಿ. ಜೊತೆಗೆ ಗೊತ್ತಿಲ್ಲದ ಭಾಷೆಯ ಒಂದು ಚಿತ್ರದ ಹಾಳೆ.

ಅಜ್ಜ ಬಂದು ಒಂದೊಂದನ್ನೇ ಮುಟ್ಟಿ ನೋಡಿದ. “ಇದಕ್ಕೇನಂತಾರವ್ವಾ?”

“ಗೊತ್ತಿಲ್ರಿ ಅಜ್ಜಾರ.”

“ಹಂಗಾದ್ರ ಮೆಲ್ಲಗ ಹಿಡಿ.”

ಆದರೆ ದಾನಮ್ಮನಿಗೆ ಅವಸರ. ಕತ್ತನ್ನು ಒಡಲಿಗೆ ಸೇರಿಸಿ ತಿರುಪು ಬಿಗಿದಳು. ಬಿರಡೆ ಕೂರಿಸಿದಳು. ತಂತಿ ಹಾಕುವಾಗ ಹಾಳೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ತಂಬೂರಿಯಲ್ಲಿ ದಪ್ಪ ತಂತಿ ಕೊನೆಗೆ ಬರುತ್ತದೆ, ಇಲ್ಲೂ ಹಾಗೆಯೇ ಎಂದು ಕೊನೆಗೇ ಇಟ್ಟಳು.

ಕತ್ತಿನ ತುದಿಯ ಬಿಳಿ ಪಟ್ಟಿಯಲ್ಲಿ ಒಂದೊಂದು ತಂತಿಗೂ ಒಂದೊಂದು ಕಚ್ಚು ಇತ್ತು. ಕೊನೆಯ ಕಚ್ಚಿನಲ್ಲಿ ದಪ್ಪ ತಂತಿ ಕೂರಲಿಲ್ಲ. ತಪ್ಪು ಪಟ್ಟಿಯದೇ ಎಂದು ತೀರ್ಮಾನಿಸಿ, ಅರ ತಂದು ಉಜ್ಜಿ ಉಜ್ಜಿ ಕಚ್ಚನ್ನು ಅಗಲ ಮಾಡಿದಳು.

ಮೀಟಿದಳು. ಸಣ್ಣ ತಂತಿಗಳು ಅಗಲದ ಕಚ್ಚುಗಳಲ್ಲಿ ಸಡಿಲಾಗಿ ಕೂತು ಜರ್ ಜರ್ ಎಂದವು.

ಆಗ ಹಾಳೆ ನೋಡಿದಳು. ಚಿತ್ರದಲ್ಲಿ ದಪ್ಪ ತಂತಿ ಮೊದಲಿಗೇ ಇತ್ತು.

ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ ಅವಳ ಪಕ್ಕದಲ್ಲಿ ಅಜ್ಜ ಬಂದು ಕೂತ. “ಏನಾತು?”

“ತಂಬೂರಿ ಇದ್ದಂಗ ಇರತೈತಿ ಅಂತ ತಿಳಕೊಂಡೆ. ಪಟ್ಟಿ ಕೆಡಿಸಿಬಿಟ್ಟೆ. ನೀವು ಮತ್ತ ಹಾಡಲಿ ಅಂತ ಕಟ್ಟಾಕ ಹತ್ತಿದ್ನಿರಿ.”

ಅಜ್ಜ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. “ಹಾಡಾಕ ಕುಂತಾಂವಗ ಷಡ್ಜ ಎಷ್ಟು ಬೇಕವ್ವಾ?”

“ಒಂದು ಸಾಕ್ರಿ.”

ಅಜ್ಜ ಬಿರಡೆ ತಿರುಗಿಸಿ ಸಣ್ಣ ತಂತಿಗಳನ್ನೆಲ್ಲ ಬಿಚ್ಚಿದ. ದಪ್ಪ ತಂತಿಯೊಂದೇ ಉಳಿಯಿತು.

“ನೀ ಕೆಡಿಸಿದ ಕಚ್ಚಿನ್ಯಾಗ ಇದು ಎಷ್ಟು ಚಂದ ಕುಂತೈತಿ ನೋಡು. ನಾಳೆ ಮುಂಜಾನೆ ತಗೊಂಡು ಬಾ.”

ಮಾರನೆಯ ಬೆಳಗು ದಾನಮ್ಮ ಆ ತಂತಿಯನ್ನು ಅಜ್ಜನ ಹಳೆಯ ಶ್ರುತಿಗೆ ಕೂಡಿಸಿದಳು. ದನಿ ದೊಡ್ಡದು ಮಾಡುವ ವೈರನ್ನು ಇನ್ನೂ ಜೋಡಿಸಿರಲಿಲ್ಲ, ಅದು ಪೆಟ್ಟಿಗೆಯಲ್ಲೇ ಇತ್ತು. ಬರೀ ಮರ, ಬರೀ ತಂತಿ. ಇದರ ನಾದ ತಂಬೂರಿಗಿಂತ ಕ್ಷೀಣವಾಗಿತ್ತು. ಇದನ್ನು ಅಜ್ಜ ಕೇಳುವುದುಂಟೇ ಎಂದು ಅವಳು ಅಳುಕಿದಳು.

ಅಜ್ಜ ಹತ್ತಿರ ಸರಿದು ಬಾಗಿ, ಮರದ ಅಂಚಿಗೆ ಗದ್ದ ಊರಿದ.

ಅವಳು ಮೀಟಿದಳು.

ಅಜ್ಜನ ಕಣ್ಣು ಅರಳಿದವು. ಹೊಳೆಯ ಕಡೆಗಿದ್ದ ನೋಟ ನಿಧಾನವಾಗಿ ಅವಳ ಕಡೆ ತಿರುಗಿತು. ನಾದ ಗದ್ದದ ಎಲುಬಿನಿಂದ ತಲೆಬುರುಡೆಗೆ ಹತ್ತುತ್ತಿತ್ತು. ಅವಳು ಮತ್ತೆ ಮೀಟಿದಳು. ಅಜ್ಜ ಬಾಯಿ ತೆರೆದ.

ಹೊರಟ ದನಿ ತಂತಿಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು.

ದಾನಮ್ಮನಿಗೆ ಭಯವಾಯಿತು, ಅದಕ್ಕಿಂತ ದೊಡ್ಡ ಸಂತೋಷವೂ ಆಯಿತು. ಕಿವಿ ಮುಚ್ಚಿದರೆ ನಾದದ ದಾರಿಯೇ ಮುಚ್ಚಿತು ಎಂದು ಅವಳು ನಂಬಿದ್ದಳು. ನಾದ ಅಷ್ಟು ಸುಲಭಕ್ಕೆ ಬಿಟ್ಟುಹೋಗುವಂಥದ್ದಾಗಿರಲಿಲ್ಲ. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಮಾತಾಡುವಂತೆಯೂ ಇರಲಿಲ್ಲ. ಬಿಸಿಲು ಮೆಟ್ಟಿಲು ಏರುವ ತನಕ ಅಜ್ಜ ಹಾಡಿದ.

ಹಾಡು ನಿಂತ ಕೂಡಲೇ ಅವಳು ಅವನ ಕಿವಿಯ ಹತ್ತಿರ ಬಾಗಿದಳು. “ಅಜ್ಜಾರ, ಹೊಸಾ ಪಟ್ಟಿ ತರಸ್ತೀನ್ರಿ! ಉಳಿದ ತಂತಿನೂ ಬರೋಬ್ಬರಿ ಕಟ್ಟಿ ಕೊಡತೀನಿ.”

ಅಜ್ಜ ಮರದಿಂದ ಗದ್ದ ತೆಗೆಯಲಿಲ್ಲ.

“ಗಡಿಬಿಡಿ ಬ್ಯಾಡವ್ವಾ. ಇದೊಂದನ್ನ ಕೇಳಿ ಇನ್ನೂ ಮುಗಿದಿಲ್ಲ ನನಗ.”